ದೇವಿಯವರು

ಹಾರವಾಡದ ದುರ್ಗಿಗೆ ವಿಲಾಯತಿಯಲ್ಲಿ ಒಬ್ಬಳು ಸವತಿ ಇದ್ದಾಳೆಂಬುದು ಕೇರಿಗೆಲ್ಲ ಗೊತ್ತಿತ್ತು. ಯಾರೂ ಅವಳೆದುರು ಆಡುತ್ತಿರಲಿಲ್ಲ, ಅಷ್ಟೆ. ಅಂಕೋಲೆ ಪೇಟೆಯಲ್ಲಿ ಮೂವತ್ತು ವರ್ಷ ಮೀನು ಮಾರಿದ ಬಾಯಿ ಅದು. ಸುಮ್ಮನೆ ಹೋಗಿ ತಲೆ ಕೊಡುವವರು ಯಾರು? ಸವತಿಯ ಹೆಸರು ದೇವಿ.

ಸಂಗತಿ ಹಳೆಯದು. ಗಂಡ ಬೊಮ್ಮು ಅರವತ್ತೆಂಟರಲ್ಲಿ ಮುಂಬಯಿಗೆ ಹೋಗಿ ಹಡಗಿನ ಖಲಾಸಿಯಾದ. ಮಗ ತುಳಸಿದಾಸ ಆಗಿನ್ನೂ ಎರಡು ವರ್ಷದವನು. ಎಪ್ಪತ್ತರಲ್ಲಿ ವೇಲ್ಸ್ ಸೀಮೆಯ ಸ್ವಾನ್ಸಿ ಬಂದರಿನಲ್ಲಿ ಬೊಮ್ಮು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಹಡಗು ಅವನನ್ನು ಆಸ್ಪತ್ರೆಯಲ್ಲಿ ಬಿಟ್ಟು ತನ್ನ ದಾರಿ ಹಿಡಿಯಿತು. ಅಲ್ಲಿಂದ ಕಾಗದಗಳು ಬರತೊಡಗಿದವು. ಬೊಮ್ಮು ನಾಲ್ಕನೆಯ ಇಯತ್ತೆ ಓದಿದವನು, ಬರೆಯಬಲ್ಲ. ದುರ್ಗಿಗೆ ಅಕ್ಷರ ಬಾರದು. ಶಾಲೆಯ ದೇವಿದಾಸ ಮಾಸ್ತರರು ಕಾಗದ ಓದಿ ಹೇಳುತ್ತಿದ್ದರು, ಅವಳು ಹೇಳಿದ ಉತ್ತರವನ್ನು ಬರೆದು ಟಪಾಲಿಗೂ ಹಾಕುತ್ತಿದ್ದರು.

ಮೂರನೆಯ ಕಾಗದದಲ್ಲಿ ದೇವಿ ಬಂದಳು. ‘ಆಸ್ಪತ್ರೆಯಿಂದ ಬಿಟ್ಟಿದ್ದಾರೆ. ಈಗ ದೇವಿಯವರ ಮನೆಯಲ್ಲಿ ಇದ್ದೇನೆ. ಊಟಕ್ಕೆ ತೊಂದರೆಯಿಲ್ಲ, ದೇವಿಯವರೇ ಬೇಯಿಸಿ ಹಾಕುತ್ತಾರೆ. ಚಿಕ್ಕ ಹುಡುಗಿಯೊಬ್ಬಳು ಇದ್ದಾಳೆ, ನನ್ನನ್ನು ಬಿಟ್ಟು ಇರುವುದಿಲ್ಲ.’

ಓದಿ ಮುಗಿಸಿದ ಮಾಸ್ತರರು ಕನ್ನಡಕ ಒರೆಸಿಕೊಳ್ಳುತ್ತ ಕೂತರು. ದುರ್ಗಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಆ ‘ಅವರು’. ತನ್ನನ್ನು ಏಗೇ ಎಂದು ಕೂಗುವ ಗಂಡಸು ಅಲ್ಲಿ ಯಾವಳಿಗೋ ಬಹುವಚನ ಹಚ್ಚಿ ಮಾತಾಡುತ್ತಿದ್ದಾನೆ! ಉತ್ತರ ಏನು ಬರೆಯಲಿ ಎಂದು ಮಾಸ್ತರರು ಕೇಳಿದರು. ಬೇಡ ಎಂದು ಎದ್ದು ಬಂದಳು.

ಆಮೇಲೂ ನಾಲ್ಕು ಕಾಗದ ಬಂದವು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ದೇವಿಯವರು ಉಣ್ಣೆಯ ಕೋಟು ಕೊಟ್ಟರು ಎಂದರೆ ಒಂದು ಅರ್ಥ, ದೇವಿಯವರು ರಾತ್ರಿಯೆಲ್ಲ ಹತ್ತಿರ ಕೂತಿದ್ದರು ಎಂದರೆ ಇನ್ನೊಂದು ಅರ್ಥ. ಪ್ರತಿ ಕಾಗದದ ಕೊನೆಗೂ ಒಂದೇ ಮಾತಿರುತ್ತಿತ್ತು: ನಿನ್ನ ಕಾಗದ ಯಾಕೆ ಬರಲಿಲ್ಲ? ಎಪ್ಪತ್ತೆರಡರ ಶಿವರಾತ್ರಿಯ ಹೊತ್ತಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಅಂಕೋಲೆಯ ಟಪಾಲು ಕಚೇರಿಯಲ್ಲಿ ಓದಿಸಿದರು. ಬೊಮ್ಮು ಎದೆಗೆ ತಂಡಿ ಹಿಡಿದು ತೀರಿಕೊಂಡಿದ್ದ. ಕೆಳಗೆ ಸಹಿ ಯಾರದು ಎಂದು ಕೇಳಿದರೆ, ದೇವಿ ಎಂದರು. ದುರ್ಗಿ ಆರು ವರ್ಷದ ಮಗನ ಕೈಯಲ್ಲಿ ಕ್ರಿಯೆ ಮಾಡಿಸಿದಳು. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಕಲ್ಲಿನಂಥವಳು ಎಂದರು ಊರವರು. ಅನ್ನಲಿ. ಅಳುವುದಕ್ಕೆ ಅಲ್ಲಿ ಇನ್ನೊಬ್ಬಳು ಇದ್ದಾಳಲ್ಲ ಎಂದು ಅವಳು ಬುಟ್ಟಿ ಹೊತ್ತು ಪೇಟೆಗೆ ಹೋದಳು.

ಇಷ್ಟಾಗಿ ಮೂವತ್ತನಾಲ್ಕು ವರ್ಷದ ಮೇಲೆ, ಎರಡು ಸಾವಿರದ ಆರನೆಯ ಇಸವಿಯ ಜನವರಿಯಲ್ಲಿ, ಮತ್ತೊಂದು ಕಾಗದ ಬಂತು. ಸೊಸೆ ನೀತಾ ಕಾರವಾರದಲ್ಲಿ ಹಡಗಿನ ಏಜೆಂಟರೊಬ್ಬರ ಆಫೀಸಿನಲ್ಲಿ ಕೆಲಸಕ್ಕಿದ್ದವಳು, ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು. ಅವಳು ಓದಿ ಕಾಗದ ಮಡಚಿಟ್ಟಳು. ಅತ್ತೆ ಬಿಡಲಿಲ್ಲ. ‘ನಾನು ದೇವಿಯ ಮಗಳು ಮೇಗನ್. ಬೊಮ್ಮು ನಮ್ಮ ಮನೆಯಲ್ಲೇ ಇದ್ದದ್ದು ನಿಮಗೆ ಗೊತ್ತಿರಬೇಕು. ದುರ್ಗಿಯವರನ್ನು ಒಮ್ಮೆ ನೋಡಬೇಕು.’ ತುಳಸಿದಾಸ ಟ್ರಾಲರ್ ಬೋಟು ನಡೆಸುವ ತಾಂಡೇಲ, ಎಂಥ ಗಾಳಿಗೂ ಜಗ್ಗದವನು. ತನಗೊಬ್ಬಳು ತಂಗಿ ಬರುತ್ತಿದ್ದಾಳೆ ಎಂದು ಗಾಬರಿಯಾಗಿ ಅವಳು ಬರುವ ದಿನ ಬೇಕೆಂದೇ ಬೋಟಿಗೆ ಹೋಗಿಬಿಟ್ಟ.

ದುರ್ಗಿ ಬೇಡವೆನ್ನಲಿಲ್ಲ. ಅವಳಿಗೆ ಒಂದೇ ಒಂದು ಮಾತು ಕೇಳಬೇಕಿತ್ತು. ಆ ಮನುಷ್ಯ ಸಾಯುವಾಗ ತನ್ನ ಹೆಸರು ಹೇಳಿದನೋ, ಅವಳ ಹೆಸರು ಹೇಳಿದನೋ? ಅದೊಂದು ತಿಳಿದರೆ ಸಾಕು, ತಾನೂ ನೆಮ್ಮದಿಯಾಗಿ ಕಣ್ಣು ಮುಚ್ಚಬಹುದು ಎಂದುಕೊಂಡಿದ್ದಳು.

ನೀತಾ ಹೆದ್ದಾರಿಯ ಬಾಳೆಗುಳಿ ಕ್ರಾಸಿಗೆ ಹೋಗಿ, ಗೋವೆಯ ಬಸ್ಸಿನಿಂದ ಇಳಿದ ಮೇಗನ್‌ಳನ್ನು ರಿಕ್ಷಾದಲ್ಲಿ ಕರೆತಂದಳು. ನಲವತ್ತು ದಾಟಿದ, ಕೆಂಚು ಕೂದಲಿನ, ಸಾದಾ ಹೆಂಗಸು. ದಾರಿಯಲ್ಲಿ ದೇವಿಯ ಸುದ್ದಿ ಎತ್ತಲು ನೀತಾಗೆ ಧೈರ್ಯ ಬರಲಿಲ್ಲ. ಇಂಗ್ಲೆಂಡಿನ ಹವೆ ಹೇಗಿದೆ ಎಂದು ಕೇಳಿದ್ದಕ್ಕೆ ಮೇಗನ್, ತಾನು ಇಂಗ್ಲೆಂಡಿನವಳಲ್ಲ, ವೇಲ್ಸಿನವಳು ಎಂದು ಮೊದಲು ಅದನ್ನು ಸರಿಮಾಡಿದಳು. ಅವರ ಭಾಷೆಯೇ ಬೇರೆಯಂತೆ. ಮುತ್ತಜ್ಜನ ಕಾಲಕ್ಕೆ ಶಾಲೆಯಲ್ಲಿ ಆ ಭಾಷೆ ಆಡಿದವರ ಕೊರಳಿಗೆ ಕಟ್ಟಿಗೆಯ ತುಂಡು ತೂಗುಹಾಕುತ್ತಿದ್ದರಂತೆ. ಇನ್ನೊಬ್ಬ ಆಡಿ ಸಿಕ್ಕಿಬಿದ್ದರೆ ಅದು ಅವನ ಕೊರಳಿಗೆ, ಸಂಜೆಗೆ ಯಾರ ಕೊರಳಲ್ಲಿ ಉಳಿಯಿತೋ ಅವನಿಗೆ ಛಡಿಯೇಟು. ನಮ್ಮಲ್ಲೂ ಒಲೆಯ ಮುಂದೆ ಕೊಂಕಣಿ, ಕಾಗದಕ್ಕೆ ಕನ್ನಡ, ಆಫೀಸಿಗೆ ಇಂಗ್ಲಿಷು ಎಂದಳು ನೀತಾ. ಬೊಮ್ಮು ಮಾಮನೂ ಹಾಗೇ ಹೇಳುತ್ತಿದ್ದ, ಅದಕ್ಕೇ ನಮ್ಮ ಮನೆಯಲ್ಲಿ ಹೊಂದಿಕೊಂಡ ಎಂದಳು ಮೇಗನ್.

ಜಗಲಿಯಲ್ಲಿ ಕೂತು ಸೋಲ್‌ಕಡಿ ಕುಡಿದಾದ ಮೇಲೆ ಮೇಗನ್ ಚೀಲದಿಂದ ಒಂದು ಫೋಟೋ ತೆಗೆದು ದುರ್ಗಿಯ ಕೈಗಿತ್ತಳು. ಒಂದು ಬಾಗಿಲ ಮುಂದೆ ಉಣ್ಣೆಯ ಕೋಟು ತೊಟ್ಟ ಬೊಮ್ಮು, ಬಡಕಲಾಗಿದ್ದ. ನಡುವೆ ಒಂದು ಹುಡುಗಿ. ಆಚೆಗೆ ದಪ್ಪ ಮೀಸೆಯ, ಟೊಪ್ಪಿಗೆಯ ಬಿಳಿಯ ಗಂಡಸು. ದುರ್ಗಿ ಫೋಟೋ ತಿರುಗಿಸಿ ಹಿಂದುಗಡೆ ನೋಡಿದಳು, ಅಲ್ಲಿ ಮತ್ತೆ ಯಾರೂ ಇರಲಿಲ್ಲ.

“ದೇವಿ ಎಲ್ಲಿದ್ದಾಳೆ ಕೇಳು” ಎಂದಳು.

ಮೇಗನ್ ಮೀಸೆಯವನ ಮೇಲೆ ಬೆರಳಿಟ್ಟಳು. ಇವನೇ ಅಪ್ಪ. ಬಂದರಿನಲ್ಲಿ ಹಮಾಲಿಯಾಗಿದ್ದವನು, ಹೋದ ವರ್ಷ ತೀರಿಕೊಂಡ. ತಾಯಿ ತನ್ನನ್ನು ಹೆತ್ತು ಸತ್ತಿದ್ದಳು, ಅದಕ್ಕೇ ಅಡಿಗೆಯೂ ಅವನದೇ. ದೇವಿ ಎಂದರೆ ತಮ್ಮ ನಾಡಿನ ದೊಡ್ಡ ಸಂತನ ಹೆಸರು, ಊರಿಗೆ ಹತ್ತು ಜನ ಗಂಡಸರಿಗೆ ಇರುತ್ತದೆ ಎಂದಳು. ನೀತಾ ಹೇಳುತ್ತ ಹೇಳುತ್ತ ಅತ್ತೆಯ ಮುಖ ನೋಡಲಾರದೆ ಹೊಸ್ತಿಲು ನೋಡಿದಳು. ಬೊಮ್ಮು ಬರೆದದ್ದು ಸರಿಯೇ ಇತ್ತು. ತನಗಿಂತ ಹಿರಿಯ, ಆಶ್ರಯ ಕೊಟ್ಟ ಮನುಷ್ಯನನ್ನು ಯಾರಾದರೂ ಅವನು ಇವನು ಎನ್ನುತ್ತಾರೆಯೇ? ‘ದೇವಿ ಬೇಯಿಸುತ್ತಾನೆ’ ಎಂದು ಒಂದೇ ಒಂದು ಸಲ ಮರ್ಯಾದೆಗೆಟ್ಟು ಬರೆದಿದ್ದರೆ ಸಾಕಿತ್ತು.

ಇಲ್ಲದ ಸವತಿಯೊಡನೆ ಮೂವತ್ತೈದು ವರ್ಷ ಜಗಳವಾಡಿದ ದುರ್ಗಿಗೆ ಈಗ ಜಗಳಕ್ಕೆ ಯಾರೂ ಉಳಿದಿರಲಿಲ್ಲ. ಜಗಳದ ಜಾಗದಲ್ಲಿ, ಉತ್ತರ ಕೊಡದೆ ಬಿಟ್ಟ ಕಾಗದಗಳ ಹೆದರಿಕೆ ಬಂದು ಕೂತಿತು.

ಮೇಗನ್ ಮೆಲ್ಲಗೆ ಏನೋ ಕೇಳಿದಳು. ನೀತಾ ತಾನೇ ಉತ್ತರ ಕೊಟ್ಟಳು.

“ನಾ ಇನ್ನೂ ಬಾಯೇ ತೆಗೀಲಿಲ್ಲ. ನೀ ಎಂತ ಹೇಳ್ದೆ ಅವ್ಳಿಗೆ?” ಎಂದಳು ದುರ್ಗಿ.

ಬೊಮ್ಮು ಮಾಮನ ಕಾಗದಗಳು ನಿಮಗೆ ಮುಟ್ಟಿದವೋ ಎಂದು ಕೇಳಿದ್ದಳು. ಆ ಕಾಲದಲ್ಲಿ ಟಪಾಲು ಸರಿಯಿರಲಿಲ್ಲ ಎಂದು ನೀತಾ ಹೇಳಿದ್ದಳು. ಬಂದವಳ ಮುಂದೆ ಮನೆಯ ಮಾನ ಹೋಗುವುದು ಬೇಡ ಎಂದು ಅವಳ ಎಣಿಕೆ.

“ಅದು ಸುಳ್ಳು. ಏಳು ಕಾಗದ ಬಂದಿತ್ತು. ಎರಡಕ್ಕೆ ಉತ್ತರ ಕೊಟ್ಟೆ, ಐದಕ್ಕೆ ಕೊಡ್ಲಿಲ್ಲ. ಅವ್ಳ ಅಪ್ಪನ್ನ ಹೆಂಗ್ಸು ಅಂದ್ಕಂಡಿದ್ದೆ. ನಾ ಹೇಳ್ದ ಹಾಂಗೇ ಹೇಳು, ತುಪ್ಪ ಸವರ್ಬೇಡ.”

ನೀತಾ ಹೇಳಿದಳು. ಮೇಗನ್ ಸಿಟ್ಟಾಗಲಿಲ್ಲ. ತಪ್ಪು ತಿಳಿದದ್ದು ನೀವೊಬ್ಬರೇ ಅಲ್ಲ ಎಂದಳು. ದುರ್ಗಿ ಎಂಬ ಮಾತು ಅವರ ಭಾಷೆಯಲ್ಲೂ ಇದೆಯಂತೆ. ಉಚ್ಚಾರವೂ ಅದೇ. ‘ದೂರ್’ ಎಂದರೆ ನೀರು, ‘ಗಿ’ ಎಂದರೆ ನಾಯಿ.

“ನೀರುನಾಯಿ” ಎಂದಳು ನೀತಾ. ಕಾಳಿ ನದಿಯ ದಂಡೆಯಲ್ಲಿ ದುರ್ಗಿ ಎಷ್ಟೋ ಸಲ ಕಂಡ ಪ್ರಾಣಿ, ಮೀನು ಹಿಡಿದು ತಿನ್ನುವಂಥದು.

ಆಗ ಆರು ವರ್ಷದ ಮೇಗನ್, ಬೊಮ್ಮು ಮಾಮ ಊರಲ್ಲೊಂದು ನೀರುನಾಯಿ ಸಾಕಿದ್ದಾನೆ ಎಂದೇ ತಿಳಿದಿದ್ದಳು. ಅವನ ಬಾಯಲ್ಲಿ ಬೆಳಗಾದರೆ ದುರ್ಗಿ, ಬೈಗಾದರೆ ದುರ್ಗಿ. ದುರ್ಗಿ ಮೀನು ತರುತ್ತಾಳೆ, ದುರ್ಗಿಗೆ ಸಿಟ್ಟು ಬಹಳ, ದುರ್ಗಿ ಕಾಗದ ಹಾಕಲಿಲ್ಲ. ಟಪಾಲಿನವನು ಬರುವ ಹೊತ್ತಿಗೆ ಕೋಲು ಊರಿಕೊಂಡು ಗೇಟಿನವರೆಗೆ ಹೋಗಿ ಆ ಚಳಿಯಲ್ಲಿ ನಿಲ್ಲುತ್ತಿದ್ದ. ಒಂದು ದಿನ ಮೇಗನ್‌ಗೆ ಅವನನ್ನು ನೋಡಿ ಪಾಪ ಎನಿಸಿತು. ಕೈ ಹಿಡಿದು ಸಮಾಧಾನ ಹೇಳಿದಳು: ಮಾಮಾ, ನೀರುನಾಯಿಗೆ ಕಾಗದ ಬರೆಯಲು ಬರುವುದಿಲ್ಲ. ಅವನು ನಕ್ಕನಂತೆ. ಹೌದು ಮಗಾ, ಪಾಪ, ಅವಳಿಗೆ ಬರೆಯಲು ಬರುವುದಿಲ್ಲ ಎಂದನಂತೆ. ಮರುದಿನದಿಂದ ಗೇಟಿಗೆ ಹೋಗಲಿಲ್ಲ. ಹದಿನೈದು ದಿನದೊಳಗೆ ಹೋಗಿಬಿಟ್ಟ.

ಕೇಳಬೇಕೆಂದಿದ್ದ ಮಾತಿಗೆ ಉತ್ತರ ಸಿಕ್ಕಿತ್ತು. ದುರ್ಗಿ ಎರಡೂ ಕೈಯಲ್ಲಿ ಸೆರಗು ಹಿಡಿದು ಬಾಯಿಗೆ ಒತ್ತಿಕೊಂಡಳು. ಎಪ್ಪತ್ತೆರಡರಲ್ಲಿ ಬಾರದ ಅಳು ಈಗ ಬಂತು, ಪಕ್ಕದ ಮನೆಯ ಚಂಪಾ ಓಡಿಬಂದು ಬೇಲಿಯ ಹತ್ತಿರ ನಿಂತಳು. ಮೇಗನ್ ಗಾಬರಿಯಾಗಿ, ತಾನಾಗ ಚಿಕ್ಕವಳು, ಏನೋ ಹೇಳಿಬಿಟ್ಟೆ ಎಂದು ಕ್ಷಮೆ ಕೇಳತೊಡಗಿದಳು. ದುರ್ಗಿ ಅವಳ ಕೈ ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

“ಅವ್ಳು ಹೇಳಿದ್ದು ಖರೇನೇ. ನಂಗೆ ಬರಿಯೂಕೆ ಬರ್ತಿರ್ಲಿಲ್ಲ” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಸೊಸೆಯ ಕಡೆ ತಿರುಗಿದಳು. “ಆದ್ರೆ ಬರ್ಸೂಕೆ ಬರ್ತಿತ್ತು. ಅದ್ನೂ ಹೇಳು.”

ನೀತಾ ಅದನ್ನೂ ಹೇಳಿದಳು.