ಬಳ್ಳಾರಿ ಗಾಡಿ ಇಳಿದವರು

ಮಾರೆವ್ವ ಹೆಣದ ತಲೆಗೆ ಸೀಗೆಪುಡಿ ಹಚ್ಚುತ್ತಿದ್ದಳು. ಗಂಗಾವತಿಯಿಂದ ಆಗಷ್ಟೇ ಬಂದ ಹುಲಗೆಮ್ಮ ಅಳುವುದನ್ನೂ ಮರೆತು ಅವಳ ಕೈ ಹಿಡಿದೆಳೆದಳು.

“ಸರಿ ಆಚಿಗೆ. ಹೆತ್ತ ಮಗಳು ನಾ ಅದೀನಿ. ನಮ್ಮವ್ವಗ ನಾ ಎರಿತೀನಿ.”

“ಎರೀರಿ ಅಕ್ಕಾ. ನೆತ್ತಿ ಮ್ಯಾಲ ಹಳೇ ಗಾಯದ ಗಂಟು ಐತಿ. ಅಲ್ಲಿ ಒತ್ತಿದ್ರ ಆಕಿಗೆ ನೋಯ್ತಿತ್ತು.”

ಹುಲಗೆಮ್ಮನಿಗೆ ಆ ಗಾಯ ಗೊತ್ತಿರಲಿಲ್ಲ. ತಳಕಲ್ಲಿನ ಈ ಹೆಂಗಸಿಗೆ ಗೊತ್ತಿತ್ತು. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದ ಮಾರೆವ್ವನ ಗಂಡ ಬಾಲಪ್ಪ, ಸ್ವಂತ ತಮ್ಮನನ್ನು ಕೊಂದು ಜೈಲು ಕಂಡು ಬಂದವನು, “ಅವ್ವಾ” ಎಂದು ಬಿಕ್ಕುತ್ತಿದ್ದ. ಯಾರ ಅವ್ವ? ಹುಲಗೆಮ್ಮ ತುಟಿ ಕಚ್ಚಿಕೊಂಡು ನೀರು ಹೊಯ್ದಳು.

*

ಹುಲಗೆಮ್ಮನ ಅವ್ವ ದುರುಗವ್ವನದು ಕೊಪ್ಪಳ ಸ್ಟೇಷನ್ನಿನ ಎದುರಿಗೆ ಚಹಾದಂಗಡಿ, ಹಿಂದೆಯೇ ಮನೆ. ಬಳ್ಳಾರಿ ಜೈಲಿನಿಂದ ಬಿಡುಗಡೆಯಾದವರು ಗಾಡಿ ಇಳಿದು, ಊರಿಗೆ ಹೋಗುವ ಧೈರ್ಯವಿಲ್ಲದೆ ಅಲ್ಲೇ ನಿಲ್ಲುತ್ತಿದ್ದರು. ಅವಳು ಕರೆದು ಕೂರಿಸಿ ಉಣ್ಣಲಿಕ್ಕಿ, ಮೊದಲು ತಾನೇ ಅವರ ಊರಿಗೆ ಹೋಗಿ ಮನೆಯವರ ಹತ್ತಿರ ಮಾತಾಡಿ ಬರುತ್ತಿದ್ದಳು.

ಹುಲಗೆಮ್ಮ ಚಿಕ್ಕವಳಿದ್ದಾಗ ಅವಳ ಅಪ್ಪನೂ ಅದೇ ಜೈಲಿನಿಂದ ಬಂದಿದ್ದ. ಅಜ್ಜ ಹೊಸ್ತಿಲು ದಾಟಗೊಡಲಿಲ್ಲ. ದುರುಗವ್ವ ಬಾಗಿಲ ಹಿಂದೆ ಮಾತಿಲ್ಲದೆ ನಿಂತಿದ್ದಳು. ಅಪ್ಪ ಸ್ಟೇಷನ್ನಿನ ಕಡೆ ತಿರುಗಿ ಹೋದವನು ಮತ್ತೆ ಸಿಗಲಿಲ್ಲ.

ಹುಲಗೆಮ್ಮನ ಚೊಚ್ಚಲ ಬಾಣಂತನಕ್ಕೆ ಗಂಗಾವತಿಗೆ ಬಂದಿದ್ದ ಅವ್ವ, ಕೂಸಿಗೆ ಎಣ್ಣೆ ತೀಡುತ್ತಿದ್ದವಳು, ಕುಷ್ಟಗಿಯವನೊಬ್ಬ ಬಿಡುಗಡೆಯಾದ ಸುದ್ದಿ ಕೇಳಿ ಎದ್ದುಬಿಟ್ಟಳು.

“ನಿನಗ ಗಂಡ ಅದಾನ, ಅತ್ತಿ ಅದಾಳ. ಅವಗ ಯಾರದಾರ?”

“ನಾನೂ ಜೈಲಿಗೆ ಹೋಗಿದ್ರ ಛಲೋ ಇತ್ತು,” ಅಂದಿದ್ದಳು ಹುಲಗೆಮ್ಮ. ಅವ್ವ ಕೈ ಒರೆಸಿಕೊಂಡು ಹೊರಟಿದ್ದಳು.

*

ಚಟ್ಟ ಎತ್ತುವಾಗ ಬಾಲಪ್ಪ ಮುಂದೆ ಹೆಗಲು ಕೊಟ್ಟ.

“ಮುಂದಿನ ಹೆಗಲು ನನ್ನ ಗಂಡಂದು,” ಹುಲಗೆಮ್ಮ ಕೂಗಿದಳು.

“ಇರ್ಲಿ ಬಿಡು,” ಅಂದ ಗಂಡ ವೆಂಕೋಬ. ಆದರೆ ಬಾಲಪ್ಪ ಆಗಲೇ ಹಿಂದಕ್ಕೆ ಸರಿದಿದ್ದ.

ಮಣ್ಣು ಮಾಡಿ ಬಂದ ಮೇಲೆ, ಹಸಿ ಸೀರೆಯಲ್ಲೇ ಗೋಡೆಗೊರಗಿದ ಹುಲಗೆಮ್ಮನ ಪಕ್ಕ ಮಾರೆವ್ವ ಕುಳಿತಳು.

“ಆ ಗಾಯ, ನಿಮ್ಮವ್ವ ಮೊದ್ಲ ಸಲ ನಮ್ಮನಿಗೆ ಬಂದಾಗ ನಮ್ಮತ್ತಿ ಒಗದ ಕಲ್ಲಿಂದರಿ. ತಲಿ ಒಡದ್ರೂ ಮತ್ತ ಬಂದ್ಲು. ‘ಗಂಡನ್ನ ಕರ್ಕೋ ಅಂತ ಹೇಳಾಕ ಬಂದಿಲ್ಲವ್ವಾ, ನಿನಗೇನು ಅಂಜಿಕಿ ಐತಿ ಅದನ್ನ ಕೇಳಾಕ ಬಂದೀನಿ’ ಅಂದ್ಲು. ಅಲ್ಲೀತನಕ ಯಾರೂ ನನ್ನ ಕೇಳಿರಲಿಲ್ಲ.”

ತನ್ನನ್ನೂ ಯಾರೂ ಕೇಳಿರಲಿಲ್ಲ. ಹುಲಗೆಮ್ಮ ಅವಳ ಕಡೆ ತಿರುಗಿದಳು.

“ನನ್ನ ಮಾತು ಎತ್ತತಿದ್ಲೇನು?”

ಮಾರೆವ್ವ ಸುಳ್ಳು ಹೇಳಲಿಲ್ಲ. “ಭಾಳ ಇಲ್ಲರಿ. ಒಮ್ಮಿ ಅಂದಿದ್ಲು. ಮಗಳ ಮುಂದ ಕುಂದ್ರಾಕ ಆಗೂದಿಲ್ಲ, ಆಕಿದು ಥೇಟ್ ಅಪ್ಪನ ಮುಖ ಅಂತ.”

ಆ ಮಾತನ್ನೂ ಅವ್ವ ಇವಳಿಗೇ ಹೇಳಿದ್ದಳು.

ಸಂಜೆಯ ಬಳ್ಳಾರಿ ಗಾಡಿ ಬಂದು ಹೋಯಿತು. ಜನ ಚದುರಿದ ಮೇಲೆ, ಮುಚ್ಚಿದ ಅಂಗಡಿಯ ಮುಂದೆ ಬಟ್ಟೆಯ ಗಂಟು ಹಿಡಿದ ಒಬ್ಬ ಮುದುಕ ಉಳಿದ. ಆಚೀಚೆ ನೋಡಿದ. ಎಲ್ಲಿಗೂ ಹೋಗಲಿಲ್ಲ.

“ನಾ ನೋಡ್ತೀನಿ,” ಎಂದು ಮಾರೆವ್ವ ಎದ್ದಳು.

ಹುಲಗೆಮ್ಮ ಸೆರಗು ಸುತ್ತಿಕೊಂಡು ಅವಳನ್ನು ಹಿಂದೆ ಹಾಕಿ ನಡೆದಳು, ಅರ್ಧ ಓಡಿದಳು. ಅಂಗಡಿಯ ಹಲಗೆ ಸರಿಸಿ, ಏದುಸಿರು ಬಿಡುತ್ತ ಮುದುಕನಿಗೆ ಅಂದಳು: “ಒಳಗ ಬಾ. ಕುಂದ್ರು.”

ಒಲೆ ಹಚ್ಚಬೇಕಿತ್ತು. ಕತ್ತಲೆಯಲ್ಲಿ ಅವಳ ಕೈ ಕಡ್ಡಿಪೆಟ್ಟಿಗೆಗಾಗಿ ಗೂಡಿನಿಂದ ಗೂಡಿಗೆ ತಡವರಿಸಿತು. ಅದು ಎಲ್ಲಿದೆಯೆಂದು ಗೊತ್ತಿದ್ದ ಮಾರೆವ್ವ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು.