ಕಾಯಿಲಕ್ಕನ ಪೆಟ್ಟಿಗೆ

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕಾಯಿಲಕ್ಕ ಅಂತ. ಕಾಯಿಲೆಗೂ ಆ ಹೆಸರಿಗೂ ಏನೇನೂ ಸಂಬಂಧವಿಲ್ಲ, ಮೊದಲೇ ಹೇಳಿಬಿಡುವುದು ಒಳ್ಳೆಯದು. ನೆಗಡಿ ಕೂಡ ಅವಳ ಹತ್ತಿರ ಸುಳಿಯಲು ಹೆದರುತ್ತಿತ್ತು. ತಾಮ್ರದ ತಂತಿ ಸುತ್ತಿ ಕಾಯಿಲ್ ಮಾಡುವುದು, ಕಾಯಿಲ್ ಕೂರಿಸಿ ಟ್ರಾನ್ಸ್‌ಫಾರ್ಮರ್ ಕಟ್ಟುವುದು ಅವಳ ಕಸುಬು. ವೆಲ್ಡಿಂಗ್ ಮೆಷಿನ್ನಿಗೋ ಲಿಫ್ಟಿಗೋ ಅವಳು ಕಟ್ಟಿಕೊಟ್ಟದ್ದು ಒಮ್ಮೆ ಕೂತರೆ ಕೂತ ಹಾಗೆಯೇ. "ನನ್ನ ಮಾಲು ವಾಪಸು ಬಂದರೆ ಅರ್ಧ ಮೀಸೆ ಬೋಳಿಸ್ಕೋತೀನಿ" ಅನ್ನುತ್ತಿದ್ದಳು. ನಿನಗೆಲ್ಲಿದೆ ಮೀಸೆ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವಳ ತಮ್ಮ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ದಿನವಿಡೀ ಹಾರನ್ನು, ಗೇರಿನ ಕಿರಕಿರ, ಕಲಿಯುವವರ ಕಿರುಚಾಟ ಕೇಳಿ ಬಂದವನಿಗೆ ಸಂಜೆ ಒಂದು ಕೋಣೆ ಬೇಕಿತ್ತು. ಅಲ್ಲಿ ದಪ್ಪ ಪರದೆ, ಗೋಡೆಗೆ ಕಂಬಳಿ, ಎದೆಯೆತ್ತರದ ಎರಡು ಸ್ಪೀಕರು. ಹಾಡುಗಳೆಲ್ಲ ಮೂಲೆಯಲ್ಲಿದ್ದ ಕಂಪ್ಯೂಟರ್ ಡಿಸ್ಕಿನ ಪೆಟ್ಟಿಗೆಯಲ್ಲಿದ್ದವು. ನೆಟ್‌ವರ್ಕ್ ಕೇಬಲ್ ಹಿಡಿದು ಬಂದು ಸ್ಪೀಕರಿನಲ್ಲಿ ಹಾಡುತ್ತಿದ್ದವು. ಆ ಪೆಟ್ಟಿಗೆ ತುಂಬಿ ತುಳುಕಿದಾಗ ನಾಲ್ಕು ಡಿಸ್ಕಿನ ಹೊಸದನ್ನು ತಂದ.

ಅಕ್ಕ ಹೊಸ ಪೆಟ್ಟಿಗೆ ನೋಡಲಿಲ್ಲ, ಅದರ ಜೊತೆ ಬಂದ, ಅದಕ್ಕೆ ಕರೆಂಟು ಕೊಡುವ ಅಡಾಪ್ಟರ್ ಕೈಗೆತ್ತಿಕೊಂಡಳು. ಅಂಗೈಯಲ್ಲಿ ತೂಗಿ ನೋಡಿ ನಕ್ಕಳು. "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂದ ಹಾಗಾಯ್ತು. ನಾಲ್ಕು ಡಿಸ್ಕು ಒಟ್ಟಿಗೆ ತಿರುಗೋಕೆ ಶುರುವಾದರೆ ಇದು ಉಸಿರು ಬಿಡುತ್ತೆ. ಕರೆಂಟಿನ ಪೆಟ್ಟಿಗೆ ನಾನು ಮಾಡಿಕೊಡ್ತೀನಿ."

"ಬೇಡ ಅಕ್ಕಾ, ಹೊರದೇಶದ್ದು ಒಂದು ನೋಡಿಟ್ಟಿದೀನಿ."

"ಹಿತ್ತಲ ಗಿಡ ಮದ್ದಲ್ಲ, ಅಲ್ವಾ?"

"ಹಾಗಲ್ಲ... ನೀನು ಮಾಡೋದು ವೆಲ್ಡಿಂಗ್ ಮೆಷಿನ್ನಿಗೆ. ಇದು ಸಂಗೀತ."

ಈ ಮಾತು ಅವಳಿಗೆ ಚುರುಕ್ ಅಂತ ತಾಗಿತು. ಊರಿನ ಕಾರ್ಖಾನೆಗಳೆಲ್ಲ ಅವಳ ಕೈಕೆಲಸ ಒಪ್ಪಿಕೊಂಡಿದ್ದವು, ಒಡಹುಟ್ಟಿದವನ ಕೋಣೆಯಲ್ಲಿ ಮಾತ್ರ ಅವಳದೊಂದು ಸ್ಕ್ರೂ ಕೂಡ ಇರಲಿಲ್ಲ. ಅವನು ಅವಳ ಕೆಲಸ ಒಪ್ಪಬೇಕು, ಆ ಕೋಣೆಯಲ್ಲಿ ಇಡಬೇಕು, ಅವಳಿಗೆ ಬೇಕಿದ್ದದ್ದು ಇಷ್ಟೇ. ಕೇಳಿಕೊಳ್ಳುವ ಜಾತಿ ಅಲ್ಲವಲ್ಲ, ಅದಕ್ಕೆ ಜೋರು ಮಾಡಿದಳು. "ಹಾಡು ಸಿಹಿಯಾಗುತ್ತೆ ಅಂತ ನಾನು ಸುಳ್ಳು ಹೇಳಲ್ಲ ಕಣೋ. ಡಿಸ್ಕು ಸಾಯಲ್ಲ ಅಂತ ಹೇಳ್ತೀನಿ. ನಿನ್ನ ಕಿವಿ ಒಪ್ಪಿದರೆ ಇಟ್ಕೋ, ಇಲ್ಲದಿದ್ದರೆ ಗುಜರಿಗೆ ಹಾಕು."

"ಆಯ್ತು," ಅಂದ ತಮ್ಮ. "ಕಿವಿ ಒಪ್ಪಬೇಕು ಆದರೆ."

ತಮ್ಮ ಹಳೆಯ ಪೆಟ್ಟಿಗೆಯ ಹಾಡುಗಳನ್ನೆಲ್ಲ ಹೊಸದಕ್ಕೆ ನಕಲು ಮಾಡುತ್ತ ಕೂತ. ಅಷ್ಟರಲ್ಲಿ ಅಕ್ಕ ತನ್ನ ವರ್ಕ್‌ಶಾಪಿನಲ್ಲಿ ತಂತಿ ಸುತ್ತಲು ಶುರುಮಾಡಿದಳು. ಒಂದು ಗೋಡೆಯಾಚೆ ತಗಡು ಬಡಿಯುವವರು, ಇನ್ನೊಂದು ಗೋಡೆಯಾಚೆ ಗ್ರೈಂಡಿಂಗ್ ಚಕ್ರ. ಅಲ್ಲಿ ಮಾತಾಡಬೇಕಾದರೆ ಕೂಗಬೇಕು. ಅವಳು ಕೂಗಿಯೇ ಬಾಳಿದವಳು. ಅಡ್ಡ ಮಾತಿಗೆ ಅವಳು ಓಗೊಡದೆ ಹೋದರೆ ಮನೆಯವರು "ಅಕ್ಕನದು ಜಾಣ ಕಿವುಡು, ಬೇಕಾದ್ದು ಮಾತ್ರ ಕೇಳಿಸುತ್ತೆ" ಅಂತ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಅಕ್ಕನ ಕರೆಂಟಿನ ಪೆಟ್ಟಿಗೆ ತಯಾರಾಯಿತು. ಅದರಿಂದ ಮೂರು ವಯರಿನ ಬಾಲ ಹೊರಟಿದ್ದವು. ಒಂದು ಡಿಸ್ಕಿಗೆ, ಒಂದು ನೆಟ್‌ವರ್ಕಿಗೆ, ಒಂದು ಹಾಡು ನುಡಿಸುವ ಸೆಟ್ಟಿಗೆ. ಒಂದರ ಪಿನ್ನು ಇನ್ನೊಂದಕ್ಕೆ ಹೋಗದ ಹಾಗೆ ಬೇರೆಬೇರೆ ಮಾಡಿದ್ದಳು, ಏಕೆಂದರೆ ತಮ್ಮನನ್ನು ಅವಳು ಬಲ್ಲಳು. ಮೀಟರ್ ಹಚ್ಚಿ ನೋಡಿದಳು. ಮುಳ್ಳು ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಪೆಟ್ಟಿಗೆಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ಸಂಜೆಯಾಗುತ್ತಲೇ ತಮ್ಮನ ಮನೆಗೆ ಹೊರಟಳು.

ಸ್ವಿಚ್ಚು ಹಾಕಿದ್ದೇ ತಡ, ನಾಲ್ಕು ಡಿಸ್ಕೂ ಎದ್ದು ತಿರುಗಿದವು. ಎಲ್ಲ ಹಸಿರು ದೀಪ. "ಹೇಗೆ?" ಅಂತ ಸೊಂಟದ ಮೇಲೆ ಕೈಯಿಟ್ಟಳು.

ತಮ್ಮನ ಮುಖ ಹುಳ್ಳಗಾಯಿತು. "ಅಕ್ಕಾ, ಝೀ ಅಂತಿದೆಯಲ್ಲ."

"ಯಾವುದು?"

"ನಿನ್ನ ಪೆಟ್ಟಿಗೆ."

"ನಿನ್ನ ತಲೆ. ಹಾರನ್ ಕೇಳಿ ಕೇಳಿ ಕಿವಿಯೊಳಗೇ ಝೀ ಅನ್ನುತ್ತಿರಬೇಕು."

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಗಂಡನ ಪರವಾಗಿ ಒಂದು ಮಾತೂ ಆಡದ ಹೆಂಗಸು ಅವಳು, ಅವನ ಕಿವಿಯ ಹುಚ್ಚನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅವಳೇ ಅಳುಕುತ್ತ ಅಂದಳು: "ಹೌದು ಅತ್ತಿಗೆ. ಡಬ್ಬಿಯೊಳಗೆ ನೊಣ ಸಿಕ್ಕಿಕೊಂಡ ಹಾಗೆ."

ಗಂಡ ಹೆಂಡತಿ ಸೇರಿ ನಾಟಕ ಕಟ್ಟಿದ್ದಾರೆ ಅಂತ ಕಾಯಿಲಕ್ಕನಿಗೆ ಪಿತ್ತ ನೆತ್ತಿಗೇರಿತು. "ಎಲ್ಲಿ ನೊಣ? ತೋರಿಸು!" ಅಂತ ಪೆಟ್ಟಿಗೆಯ ಮೇಲೆ ಅಂಗೈ ಬಡಿದಳು.

ಬಡಿದ ಕೈ ಅಲ್ಲೇ ನಿಂತಿತು. ತಗಡಿನ ಕೆಳಗೆ ಸಣ್ಣಗೆ, ಒಂದೇ ಸಮನೆ ನಡುಕ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಪಟ್ಟಿಗಳು ಸಡಿಲವಿದ್ದರೆ ಹಾಗೆ ನಡುಗುತ್ತವೆ, ನಡುಗಿದರೆ ಸದ್ದು ಬಂದೇ ಬರುತ್ತದೆ. ಅವಳಿಗೆ ಇದು ಗೊತ್ತಿಲ್ಲದ ವಿಷಯವೇ? ವರ್ಕ್‌ಶಾಪಿನ ಗದ್ದಲದಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ, ಸರಿ. ಇಲ್ಲಿ ಗದ್ದಲವೆಲ್ಲಿದೆ? ಅವಳು ಬಗ್ಗಿ ಪೆಟ್ಟಿಗೆಗೆ ಕಿವಿ ಒತ್ತಿದಳು. ಆಮೇಲೆ ಇನ್ನೊಂದು ಕಿವಿ. ಕೈಗೆ ನೊಣ ಸಿಕ್ಕಿತ್ತು, ಕಿವಿಗೆ ಏನೂ ಇಲ್ಲ.

ಕಾಯಿಲಕ್ಕ ಹೆದರಿದಳು. ಹೆದರಿಕೆ ಅಭ್ಯಾಸವಿಲ್ಲದವಳಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಪೆಟ್ಟಿಗೆಯ ವಯರು ಕಿತ್ತು ಬಗಲಲ್ಲಿಟ್ಟುಕೊಂಡು, "ಒಪ್ಕೊಂಡೆ. ಝೀ ಅಂತಿದೆ. ಸರಿಮಾಡಿ ತರ್ತೀನಿ, ನಿನ್ನ ಹೊರದೇಶದ್ದನ್ನು ತಡಿ" ಅಂದಳು. ತಮ್ಮ ಹಿಂದಿನಿಂದ ಏನೋ ಕೂಗಿದ. ತಿರುಗಲಿಲ್ಲ. ನಿಜಕ್ಕೂ ಕೇಳಿಸಿರಲಿಲ್ಲ.

ವರ್ಕ್‌ಶಾಪಿನಲ್ಲಿ ಟ್ರಾನ್ಸ್‌ಫಾರ್ಮರ್ ಬಿಚ್ಚಿದಳು. ಪಟ್ಟಿಗಳನ್ನು ಮತ್ತೆ ಜೋಡಿಸಿ ಬೋಲ್ಟು ಬಿಗಿದಳು, ವಾರ್ನಿಶ್‌ನಲ್ಲಿ ಗುಳ್ಳೆ ನಿಲ್ಲುವ ತನಕ ಮುಳುಗಿಸಿಟ್ಟಳು, ಒಲೆಯಲ್ಲಿ ಬೇಯಿಸಿದಳು. ಅಡಿಗೆ ದಪ್ಪ ರಬ್ಬರು ಹಾಕಿದಳು. ಮೀಟರ್ ಮುಟ್ಟಲಿಲ್ಲ ಈ ಸಲ. ಬೆರಳ ತುದಿ ಇಟ್ಟಳು, ಮೊಣಕೈ ಇಟ್ಟಳು, ಸ್ಕ್ರೂಡ್ರೈವರಿನ ತುದಿಯನ್ನು ಕಬ್ಬಿಣಕ್ಕೂ ಹಿಡಿಯನ್ನು ಹಲ್ಲಿಗೂ ಇಟ್ಟು ನೋಡಿದಳು. ಎಲ್ಲೋ ಒಂದು ಮೂಲೆ ಇನ್ನೂ ಮಿಸುಕುತ್ತಿತ್ತು. ಮತ್ತೆ ಬಿಚ್ಚಿದಳು. ಕಿವಿ ಕೈಕೊಟ್ಟರೆ ಕೊಡಲಿ, ಕೈ ಕೈಕೊಡಬಾರದು ಅನ್ನುವುದು ಅವಳ ಹಟ. ಕಡೆಗೆ ಹಲ್ಲಿಗೆ ಏನೂ ತಾಗದಾದಾಗ ಮುಚ್ಚಳ ಹಾಕಿದಳು.

ಭಾನುವಾರ ಬೆಳಿಗ್ಗೆ ತಮ್ಮನ ಕೋಣೆಯಲ್ಲಿ ಸ್ವಿಚ್ಚು ಹಾಕಿ, ಅವಳು ಪೆಟ್ಟಿಗೆಯನ್ನಲ್ಲ, ತಮ್ಮನ ಮುಖವನ್ನು ನೋಡಿದಳು. ಅವನು ಮಂಡಿಯೂರಿದ. ಮುಚ್ಚಳಕ್ಕೆ ಕಿವಿಯಿಟ್ಟ. ಹೆಂಡತಿಯನ್ನೂ ಕರೆದ. ಅವಳೂ ಕಿವಿಯಿಟ್ಟು ಏನೂ ಇಲ್ಲ ಅಂತ ತಲೆಯಲ್ಲಾಡಿಸಿದಳು.

"ಹೋಯ್ತು," ಅಂದ ತಮ್ಮ. "ಪೂರ್ತಿ ಹೋಯ್ತು. ಹೊರದೇಶದ್ದು ಬೇಡ ಅಕ್ಕಾ, ಇದೇ ಇರಲಿ."

ಕಾಯಿಲಕ್ಕನಿಗೆ ಕುಣಿಯುವಷ್ಟು ಖುಷಿ. "ಮತ್ತೆ? ಹಾಕು ಹಾಡು!"

ತಮ್ಮ ಹಾಡು ಹಾಕಿದ. ಅಕ್ಕನ ಕಡೆ ನೋಡಿ ಸದ್ದು ಏರಿಸಿದ. ಮತ್ತೆ ನೋಡಿದ, ಮತ್ತೆ ಏರಿಸಿದ. ಕಿಟಕಿಯ ಗಾಜು ಗಡಗಡ ಅಂದಿತು. ಸದ್ದು ಚೂರು ಹೆಚ್ಚಾದರೂ ಕಿವಿ ಮುಚ್ಚಿಕೊಳ್ಳುವ ಆಸಾಮಿ ಅವನು!

"ಕಡಿಮೆ ಮಾಡೋ, ನೆರೆಯವರು ಬಡಿಗೆ ತರ್ತಾರೆ."

ಅವನು ಮಾಡಲಿಲ್ಲ. ಅವನ ಕಣ್ಣು ತುಂಬಿತ್ತು. "ಜಾಣ ಕಿವುಡು ಅಂತ ಆಡಿಕೊಂಡೆವಲ್ಲ ಅಕ್ಕಾ, ಇಷ್ಟು ವರ್ಷ. ನಾನೇ ಮೊದಲು ಶುರುಮಾಡಿದ್ದು. ಮೊನ್ನೆ ನೀನು ಎರಡು ಕಿವಿಯನ್ನೂ ಒತ್ತಿ ನೋಡಿದೆಯಲ್ಲ, ಆಗಲೇ ಗೊತ್ತಾಯ್ತು ನನಗೆ."

ಅವನ ತುಟಿ ನೋಡಿ ಅವಳಿಗೆ ಎಲ್ಲ ತಿಳಿಯಿತು. ಎದ್ದು ಹೋಗಿ ತಾನೇ ಸದ್ದು ಇಳಿಸಿದಳು. ಅವನ ಕಣ್ಣು ತನ್ನ ಸೆರಗಿನಲ್ಲಿ ಒರೆಸಿ, ತಲೆಗೊಂದು ಮೊಟಕಿದಳು.

"ಅಳಬೇಡ್ವೋ, ಯಾರಾದರೂ ಸತ್ತರಾ? ನಾಳೆ ನಿನ್ನ ಕ್ಲಾಸಿಗೆಲ್ಲ ರಜ ಹಾಕು. ಕಿವಿ ಡಾಕ್ಟರ ಹತ್ತಿರ ಹೋಗೋದಿದೆ, ನೀನೂ ಬರಬೇಕು."

"ನಾನು ಯಾಕೆ, ಧೈರ್ಯಕ್ಕಾ?"

"ಧೈರ್ಯ ನನ್ನ ಹತ್ತಿರವೇ ಬೇಕಾದಷ್ಟಿದೆ. ಅವರು ಹೇಳಿದ್ದು ನನಗೆ ಕೇಳಿಸದೆ ಹೋದರೆ? ನಿನ್ನಷ್ಟು ಒಳ್ಳೆ ಕಿವಿ ನಮ್ಮನೆಯಲ್ಲಿ ಇನ್ಯಾರಿಗಿದೆಯೋ."