ಪ್ರಭುಗಳು ಮಲಗಿದ ಮರಿಗೆ

ಅಕ್ಟೋಬರ್ ಬಂದದ್ದು ಎಲ್ಸೆನ್ ಊರಿನ ಹಂದಿಗಳಿಗೆ ನನಗಿಂತ ಮೊದಲೇ ಗೊತ್ತಾಗುತ್ತದೆ. ಗುಡ್ಡದ ಓಕ್ ಕಾಡಿನಲ್ಲಿ ಕಾಯಿ ಉದುರುವ ಸದ್ದು ಕೆಳಗಿನ ಹೊಲಕ್ಕೆ ಕೇಳಿಸುವುದಿಲ್ಲ. ಆದರೂ ಅವು ಕೂಳೆ ಕೆದಕುವುದನ್ನು ಬಿಟ್ಟು, ಮೂತಿ ಎತ್ತಿ, ಆ ಕಡೆಗೇ ತಿರುಗಿ ನಿಲ್ಲುತ್ತವೆ. ಆ ವರ್ಷವೂ ನಿಂತವು. ಊರಿನ ಹಂದಿ ಕಾಯುವವನು ನಾನು, ಕೊಂಬು ಊದಿ ಹಿಂದಕ್ಕೆ ಕರೆದೆ. ಒಂದು ಮುದಿ ಹಂದಿ ಬಂತು. ಉಳಿದವು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದವು.

ಅವುಗಳ ತಪ್ಪಲ್ಲ. ಅದು ಆಲೂಗಡ್ಡೆ ಕೊಳೆತ ವರ್ಷ. ಅಗೆದ ಕಡೆಯಲ್ಲೆಲ್ಲ ಕರಿ ಲೋಳೆ ಬರುತ್ತಿತ್ತು. ಮನುಷ್ಯರೇ ರೈ ಹಿಟ್ಟನ್ನು ಅಳೆದು ತಿನ್ನುವಾಗ ಹಂದಿಗೆ ಹಾಕುವುದೇನು? ಕಾಡಿನಲ್ಲಿ ಮಾತ್ರ ಹಿಂದೆಂದೂ ಕಾಣದಷ್ಟು ಕಾಯಿ ಬಿದ್ದಿತ್ತು. ಆದರೆ ಕಾಡಿನ ದಾರಿಗೆ ಅರಣ್ಯಾಧಿಕಾರಿ ಕುಲ್ಮ್ ಅಡ್ಡಮರ ಹಾಕಿಸಿದ್ದ. ಹೊಸ ಪ್ರಭುಗಳು ಇನ್ನೂ ಮರಿಗೆಯಲ್ಲಿ ಮಲಗಿರಲಿಲ್ಲ, ಅದಕ್ಕೆ.

ನಮ್ಮ ಹಾಸೆಲ್‌ರೋಡ ಸಂಸ್ಥಾನ ದೊಡ್ಡದೇನಲ್ಲ. ಬೆಳಿಗ್ಗೆ ಅರಮನೆಯಲ್ಲಿ ಕಾಫಿ ಕುಡಿದು ಯಾವ ದಿಕ್ಕಿಗೆ ನಡೆದರೂ ಮಧ್ಯಾಹ್ನದ ಊಟ ಪರರಾಜ್ಯದಲ್ಲಿ. ಆದರೆ ಮನೆತನ ಹಳೆಯದು. ಹಿಂದೆ ಸ್ವೀಡನ್ನಿನ ದಂಡು ಬಂದು ಅರಮನೆಗೆ ಬೆಂಕಿ ಇಟ್ಟಾಗ, ಆ ವಂಶದ ಒಂದೇ ಒಂದು ಕೂಸನ್ನು ಎಲ್ಸೆನ್ನಿನ ರೊಟ್ಟಿಮನೆಯವಳು ಹಿಟ್ಟು ನಾದುವ ಮರಿಗೆಯಲ್ಲಿ ಮಲಗಿಸಿ ಮೇಲೆ ಬಟ್ಟೆ ಹೊದಿಸಿದಳು. ಸಿಪಾಯಿಗಳು ಒಲೆಯಲ್ಲಿದ್ದ ರೊಟ್ಟಿ ಬೇಯುವ ತನಕ ಅಲ್ಲೇ ಕೂತು, ತಿಂದು ಹೋದರು. ಅಲ್ಲಿಯ ತನಕ ಕೂಸು ಪಿಟ್ಟೆನ್ನಲಿಲ್ಲ. ಆ ಕೂಸಿನ ತಂದೆ ಮಾತು ಕೊಟ್ಟ: ತನ್ನ ವಂಶದ ಪ್ರತಿಯೊಬ್ಬ ಪ್ರಭುವೂ ಆ ಮರಿಗೆಯಲ್ಲಿ ಮಲಗಬೇಕು. ರೊಟ್ಟಿ ಒಲೆಯಿಂದ ಹೊರಗೆ ಬರುವ ತನಕ ಬಾಯಿ ಮುಚ್ಚಿಕೊಂಡಿದ್ದರೆ ಅವನು ಬದುಕಿರುವಷ್ಟು ಕಾಲ ಎಲ್ಸೆನ್ನಿನ ಹಂದಿಗಳು ಅರಮನೆಯ ಕಾಡಿನಲ್ಲಿ ಮೇಯಬಹುದು. ಬಾಯಿ ಬಿಟ್ಟರೆ ಇಲ್ಲ.

ಅಂದಿನಿಂದ ಪ್ರತಿಯೊಬ್ಬ ಯುವರಾಜನನ್ನೂ ಹೆಸರಿಟ್ಟ ವಾರವೇ ನಮ್ಮೂರಿಗೆ ತಂದು ಮಲಗಿಸುತ್ತಿದ್ದರು. ಯಾರೂ ಅಳಲಿಲ್ಲ. ನಮ್ಮೂರ ಹೆಂಗಸರು ಪ್ಲಮ್ ಸಾರಾಯಿಯಲ್ಲಿ ಅದ್ದಿದ ಬಟ್ಟೆಯ ತುದಿಯನ್ನು ಕೂಸಿನ ಬಾಯಿಗಿಡುತ್ತಿದ್ದರು. ಹಾಸೆಲ್‌ರೋಡದ ಅರಸರ ರಾಜ್ಯಭಾರವನ್ನು ಕಂಡು ಹುಬ್ಬೇರಿಸುವವರು ಈ ಬಟ್ಟೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆ ವಸಂತದಲ್ಲಿ ಕಾಸಿಮಿರ್ ಪ್ರಭುಗಳು ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿ ತೀರಿಕೊಂಡರು. ಮಕ್ಕಳಿರಲಿಲ್ಲ. ಹುಡುಕಿ ಹುಡುಕಿ ಕಡೆಗೆ ದೂರದ ಶಾಖೆಯ ಸಿಗಿಸ್ಮುಂಡ್ ಎಂಬುವರನ್ನು ಕರೆತಂದರು. ಆಸ್ಟ್ರಿಯಾದ ಸೈನ್ಯದ ಕಾಲಾಳು ಪಡೆಯಲ್ಲಿ ಕ್ಯಾಪ್ಟನ್ ಆಗಿದ್ದವರು. ತಮ್ಮ ಪಡೆ ಒಂದು ಸೇತುವೆ ಹಿಡಿದ ಕತೆ ಸದಾ ಅವರ ಬಾಯಲ್ಲಿ. ಅರವತ್ತು ದಾಟಿದ ವಯಸ್ಸು, ಪೀಪಾಯಿಯಂಥ ಮೈ, ಕಾಲಲ್ಲಿ ವಾತ. ಮಾತು ಶುರುವಾದರೆ ಎದುರಿಗಿದ್ದವರು ನಿಂತ ಕಾಲು ಬದಲಿಸಿ ಬದಲಿಸಿ ಸುಸ್ತಾಗಬೇಕು. ಅವರ ಚಿಕ್ಕಂದಿನಲ್ಲಿ ಇವರು ಪ್ರಭುಗಳಾದಾರು ಎಂದು ಯಾರಿಗೂ ಕನಸು ಬೀಳದಿದ್ದುದರಿಂದ ಯಾರೂ ಮರಿಗೆಯಲ್ಲಿ ಮಲಗಿಸಿರಲಿಲ್ಲ. ಈಗ ಇನ್ನೊಬ್ಬ ದಾಯಾದಿ ಅದನ್ನೇ ಹಿಡಿದುಕೊಂಡು, ಮರಿಗೆ ಕಾಣದವನು ಪ್ರಭುವೇ ಅಲ್ಲ ಎಂದು ತಕರಾರು ತೆಗೆದಿದ್ದ.

"ಬರ್ತಾರಂತೆ ಕಣೋ ಗಾಂಗೊಲ್ಫ," ಎಂದು ಓಟಿಲಿಯಕ್ಕ ಹೊಲದ ಬದುವಿಗೇ ಬಂದು ಹೇಳಿದಳು. ರೊಟ್ಟಿಮನೆಯೂ ಮರಿಗೆಯೂ ಅವಳ ವಶದಲ್ಲಿದ್ದವು. ಗಂಡ ಸತ್ತ ಮೇಲೆ ಅವಳ ಪಾಲಿಗಿದ್ದದ್ದು ಅವೆರಡು ಮತ್ತು ಮರಿ ಹಾಕಿದ ಒಂದು ಹಂದಿ. "ನಾಳೆ ರೊಟ್ಟಿ ಸುಡೋ ದಿನಾನೇ ಬರ್ತಾರಂತೆ."

"ಬಂದು?"

"ಬಂದು ಮಲಗ್ತಾರೆ."

"ಬಾಯಿ ಮುಚ್ಕೊಂಡಿರ್ತಾರಾ, ಅಕ್ಕ? ಮೊನ್ನೆ ಚರ್ಚಲ್ಲಿ ಪಾದ್ರಿಗಳಿಗೇ ಮಾತಾಡೋಕೆ ಬಿಡಲಿಲ್ಲವಂತೆ."

ಅವಳು ಹೊಲದಲ್ಲಿದ್ದ ತನ್ನ ಹಂದಿಯನ್ನು ನೋಡಿದಳು. ಪಕ್ಕೆಲುಬು ಕಾಣುತ್ತಿತ್ತು. ಮರಿಗಳು ಒಣಮೊಲೆಗೆ ಜೋತುಬಿದ್ದಿದ್ದವು. "ಮುಚ್ಚಿರಲೇಬೇಕು," ಎಂದಳು. "ಇಲ್ಲಾಂದ್ರೆ ಈ ವಾರವೇ ಎಲ್ಲವನ್ನೂ ಕಡೀಬೇಕು. ಮೂಳೆ ಬೇಯಿಸಿ ಎಷ್ಟು ದಿನ ತಿಂತೀವಿ? ನೀನೂ ಆ ಕೊಂಬನ್ನ ಗೋಡೆಗೆ ತೂಗುಹಾಕ್ಕೊಂಡು ಕೂತ್ಕೋ."

ಮಾರನೆಯ ದಿನ ಪ್ರಭುಗಳ ಗಾಡಿ ಬಂದಾಗ ಒಲೆ ಕಾದಿತ್ತು, ಹಿಟ್ಟಿನ ಮುದ್ದೆಗಳು ಹಲಗೆಯ ಮೇಲೆ ಉಬ್ಬುತ್ತ ಕೂತಿದ್ದವು. ಊರಿಗೆ ಊರೇ ಸೇರಿತ್ತು. ಪ್ರಭುಗಳು ಗಾಡಿಯಿಂದ ಇಳಿಯುವಾಗಲೇ ಮಾತನಾಡುತ್ತಿದ್ದರು, ಯಾರೊಂದಿಗೆ ಎಂದು ಗೊತ್ತಾಗಲಿಲ್ಲ. ಹಿಂದೆ ಕುದುರೆಯ ಮೇಲೆ ಅರಣ್ಯಾಧಿಕಾರಿ ಕುಲ್ಮ್ ಸಾಕ್ಷಿಯಾಗಿ ಬಂದಿದ್ದ. ಓಕ್ ಮರಗಳನ್ನು ಕಡಿಸಿ, ಬೇಗ ಬೆಳೆಯುವ ಸ್ಪ್ರೂಸ್ ನೆಡಿಸಬೇಕೆಂಬುದು ಅವನ ಬಹುದಿನದ ಆಸೆ. ಹಂದಿಗಳ ಹಕ್ಕು ಇರುವ ತನಕ ಒಂದು ಓಕ್ ಮರವನ್ನೂ ಮುಟ್ಟುವಂತಿರಲಿಲ್ಲ.

ಪ್ರಭುಗಳು ಮರಿಗೆಯ ಸುತ್ತ ಒಂದು ಸುತ್ತು ಬಂದರು. ಒಂದೇ ಲಿಂಡೆನ್ ದಿಮ್ಮಿಯನ್ನು ಕೊರೆದು ಮಾಡಿದ ಮರಿಗೆ ಅದು, ಉದ್ದಕ್ಕೆ ಆಳುದ್ದ ಇತ್ತು. ಅಗಲದ ಮಾತೇ ಬೇರೆ.

"ಇದರಲ್ಲಾ?"

"ಇದರಲ್ಲೇ, ಮಹಾಸ್ವಾಮಿ," ಎಂದ ಊರಿನ ಯಜಮಾನ ಯೋಸ್ಟ್, ಟೋಪಿ ಹಿಸುಕುತ್ತ.

"ಮಲಗೋದೇನು ಮಹಾ. ನಾನು ಹಿಮದಲ್ಲಿ ಮಲಗಿದೀನಿ, ಸತ್ತ ಕುದುರೆ ಪಕ್ಕ ಮಲಗಿದೀನಿ, ಒಂದು ಸಲ ಬಿಷಪ್ಪರ ಬಿಲಿಯರ್ಡ್ಸ್ ಮೇಜಿನ ಮೇಲೆ ಮಲಗಿದೀನಿ, ಆ ಕತೆ ಏನಾಯ್ತು ಅಂದ್ರೆ…"

"ಮಲಗಿ ಎದ್ದ ಮೇಲೆ ಕೇಳ್ತೀವಿ, ಮಹಾಸ್ವಾಮಿ," ಎಂದಳು ಓಟಿಲಿಯಕ್ಕ. "ರೊಟ್ಟಿ ಕಾಯಲ್ಲ."

ಕೋಟು ಬಿಚ್ಚಿಸಿದರು, ನಡುಪಟ್ಟಿ ಬಿಚ್ಚಿಸಿದರು, ಪದಕ ಕಳಚಿದರು. ಯೋಸ್ಟ್ ಭುಜ ಹಿಡಿದ, ನಾನು ಕಾಲು ಹಿಡಿದೆ. ಕೊಬ್ಬಿದ ಹಂದಿಯನ್ನು ಎತ್ತಿ ಅಭ್ಯಾಸವಿದ್ದುದು ಆ ಹೊತ್ತಿಗೆ ಉಪಯೋಗಕ್ಕೆ ಬಂತು. ಮೊದಲು ಒಂದು ಪಕ್ಕ ಇಳಿಯಿತು. ಇನ್ನೊಂದು ಪಕ್ಕವನ್ನು ಒತ್ತಿ ಇಳಿಸಬೇಕಾಯಿತು. ಹೊಟ್ಟೆ ಮಾತ್ರ ಮರಿಗೆಯ ಅಂಚಿನ ಮೇಲೆ ಚೆನ್ನಾಗಿ ಹುದುಗು ಬಂದ ಹಿಟ್ಟಿನ ಹಾಗೆ ಎದ್ದು ನಿಂತಿತ್ತು. ಓಟಿಲಿಯಕ್ಕ ಅದರ ಮೇಲೆ ಬಟ್ಟೆ ಹೊದಿಸಿ ರೊಟ್ಟಿಗಳನ್ನು ಒಲೆಯೊಳಗೆ ತಳ್ಳಿದಳು.

ಮೌನ ಶುರುವಾಯಿತು. ಪ್ರಭುಗಳು ಸೂರಿನ ತೊಲೆಗಳನ್ನು ನೋಡಿದರು. ತುಟಿ ಅಲುಗಿತು, ನಿಂತಿತು. ಒಬ್ಬ ಮನುಷ್ಯನಿಗೆ ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಅಂದೇ ತಿಳಿದದ್ದು. ಹಣೆಯಲ್ಲಿ ಬೆವರು ಹನಿಹನಿಯಾಗಿ ನಿಂತಿತು.

ಆಗ ಕುಲ್ಮ್ ಕೈಗವಸು ಕಳಚುತ್ತ ಮೆಲ್ಲಗೆ ಮಾತು ತೆಗೆದ: "ಯಜಮಾನರೇ, ನಮ್ಮ ಪ್ರಭುಗಳ ಪಡೆ ಸೇತುವೆ ಹಿಡಿದದ್ದು ಗೊತ್ತಲ್ಲ? ಆದರೆ ಸೇತುವೆ ಹಿಡಿದದ್ದು ಕಾಲಾಳುಗಳಲ್ಲ, ಕುದುರೆ ಸವಾರರು ಅಂತಾರೆ. ಕಾಲಾಳುಗಳು ಕಬ್ಬಿಣದಂಗಡಿ ಹಿಂದೆ ಅಡಗಿದ್ದರಂತೆ."

ಪ್ರಭುಗಳ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಮರಿಗೆ ಕಿರುಗುಟ್ಟಿತು. ಬಾಯಿ ತೆರೆಯಿತು. ಓಟಿಲಿಯಕ್ಕ ಗೂಡಿನಿಂದ ಪ್ಲಮ್ ಸಾರಾಯಿಯ ಸೀಸೆ ತೆಗೆದು, ಬಟ್ಟೆಯ ತುದಿಯನ್ನು ಅದ್ದಿ, ತೆರೆದ ಆ ಬಾಯೊಳಗೆ ತುರುಕಿದಳು.

"ಏನೇ ಇದು, ಏನು ಮಾಡ್ತಿದೀಯ?" ಎಂದ ಕುಲ್ಮ್.

"ಪದ್ಧತಿ, ಸ್ವಾಮಿ. ಕೂಸುಗಳಿಗೆಲ್ಲ ಹೀಗೇ ಮಾಡೋದು."

"ಇದು ಕೂಸಾ?"

"ನಂಗೇನು ಗೊತ್ತು. ಮರಿಗೇಲಿ ಮಲಗಿದವರೆಲ್ಲ ನಂಗೆ ಕೂಸೇ."

ಪ್ರಭುಗಳು ಮೊದಲು ಕಣ್ಣು ಕಿಸಿದರು. ಆಮೇಲೆ ಚೀಪಿದರು. ಬಟ್ಟೆ ಒಣಗಿದಾಗ ಬೆರಳು ಎತ್ತಿ ತೋರಿಸಿದರು. ಅವಳು ಮತ್ತೆ ಅದ್ದಿ ಕೊಟ್ಟಳು. ಕುಲ್ಮ್ ಸೇತುವೆಯ ಕತೆಯನ್ನು ಬಿಟ್ಟು, ಕಾಲಾಳುಗಳ ಬೂಟು, ಕಾಲಾಳುಗಳ ಧೈರ್ಯ, ಹೀಗೆ ಒಂದೊಂದನ್ನೇ ಎತ್ತಿ ನೋಡಿದ. ಪ್ರಭುಗಳಿಗೆ ಅದಾವುದೂ ಬೇಕಿರಲಿಲ್ಲ. ಒಲೆಯ ಬಿಸಿ ಬೆನ್ನಿಗೆ ತಾಗುತ್ತಿತ್ತು, ರೈ ಹಿಟ್ಟಿನ ಹುಳಿವಾಸನೆ ಮೂಗಿಗೆ ಬರುತ್ತಿತ್ತು. ಕಣ್ಣು ಮುಚ್ಚಿತು.

ನಮ್ಮ ಯೋಸ್ಟ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುವಷ್ಟರಲ್ಲಿ ಗೊರಕೆ ಎದ್ದಿತು.

ನಾನು ಬಹಳ ಹಂದಿಗಳ ಜೊತೆ ಬದುಕಿದವನು. ಅಂಥ ಸದ್ದನ್ನು ಕೇಳಿರಲಿಲ್ಲ. ಕಿಟಕಿಯ ಗಾಜು ನಡುಗಿತು. ಹೊರಗೆ ಕಟ್ಟಿದ್ದ ಓಟಿಲಿಯಕ್ಕನ ಹಂದಿ ಉತ್ತರ ಕೊಟ್ಟಿತು.

"ಮುಗೀತು," ಎಂದ ಕುಲ್ಮ್, ಕೈಗವಸು ಮತ್ತೆ ಹಾಕಿಕೊಳ್ಳುತ್ತ. "ಬಾಯಿ ಬಿಟ್ಟರು. ಊರಿಗೆಲ್ಲ ಕೇಳಿಸಿದೆ. ಹಕ್ಕು ಹೋಯ್ತು."

"ಅದು ಮಾತಲ್ಲವಲ್ಲ, ಸ್ವಾಮಿ," ಎಂದ ಯೋಸ್ಟ್.

"ಕೂಸಿನ ಅಳುವೂ ಮಾತಲ್ಲ. ಸ್ವೀಡನ್ನಿನ ಸಿಪಾಯಿಗಳಿಗೆ ಈ ಸದ್ದು ಕೇಳಿಸ್ತಿರಲಿಲ್ಲವಾ? ನೀವೇ ಹೇಳಿ."

ಈ ಸದ್ದು ಸ್ವೀಡನ್ ದೇಶದಲ್ಲೇ ಕೂತವರಿಗೂ ಕೇಳಿಸುತ್ತಿತ್ತು. ಓಟಿಲಿಯಕ್ಕ ಒಲೆಯ ಬಾಗಿಲು ತೆಗೆದು ಸಲಿಕೆಯಿಂದ ಮೊದಲ ರೊಟ್ಟಿಯನ್ನು ಎಳೆದಳು. ಬಿಸಿ ರೊಟ್ಟಿಯ ವಾಸನೆ ಮನೆಯೆಲ್ಲ ತುಂಬಿತು. ಗೊರಕೆ ಅರ್ಧಕ್ಕೆ ನಿಂತಿತು, ಪ್ರಭುಗಳು ಕಣ್ಣು ಬಿಟ್ಟರು.

"ಆಯ್ತಾ?"

"ಆಯ್ತು, ಮಹಾಸ್ವಾಮಿ," ಎಂದ ಕುಲ್ಮ್ ತಲೆ ಬಾಗಿಸಿ. "ಆದರೆ ವಿಷಾದದ ಸಂಗತಿ. ಮೌನ ಮುರೀತು."

"ಯಾರು ಮುರಿದದ್ದು? ನಾನು ತುಟಿ ಬಿಚ್ಚಿಲ್ಲ."

ಓಟಿಲಿಯಕ್ಕ ಸಲಿಕೆಗೆ ಒರಗಿ ನಿಂತು, ಬಹಳ ಸಾಧುವಾದ ದನಿಯಲ್ಲಿ ಹೇಳಿದಳು: "ಅರಣ್ಯದ ಸ್ವಾಮಿಗಳು ಹೇಳ್ತಾರೆ, ತಾವು ಗೊರಕೆ ಹೊಡೆದ್ರಿ ಅಂತ."

ಮರಿಗೆಯೊಳಗೆ ಪ್ರಭುಗಳು ತಲೆ ಎತ್ತಿದರು.

"ಗೊರಕೆ," ಎಂದರು. "ನಾನು. ನನ್ನ ಹೆಂಡತಿಯೂ ಒಂದು ಸಲ ಹೀಗೇ ಹೇಳಿದಳು. ಹೇಳಿ ಪ್ರಾಗ್‌ಗೆ ಹೊರಟುಹೋದಳು. ಊರೆಲ್ಲ ಹೇಳ್ಕೊಂಡು ತಿರುಗಿದಳು. ಹದಿನೈದು ವರ್ಷ ಪಡೆಯವರೆಲ್ಲ ನನ್ನ ಬೆನ್ನ ಹಿಂದೆ ಮೂಗಲ್ಲಿ ಸದ್ದು ಮಾಡಿದರು. ಹಾಸೆಲ್‌ರೋಡ ಮನೆತನದಲ್ಲಿ ಯಾರೂ ಗೊರಕೆ ಹೊಡೆದಿಲ್ಲ. ಅರಣ್ಯಾಧಿಕಾರಿಗಳೇ, ನೀವು ಸಾಕ್ಷಿ. ಹೇಳಿ. ನನ್ನ ಮುಖ ನೋಡಿ ಹೇಳಿ."

ಕುಲ್ಮ್ ಅವರ ಮುಖ ನೋಡಿದ. ನಮ್ಮನ್ನು ನೋಡಿದ. ನಾವೆಲ್ಲ ತೊಲೆಗಳನ್ನು ನೋಡುತ್ತಿದ್ದೆವು. ಸಂಸ್ಥಾನ ಚಿಕ್ಕದು, ಅಧಿಕಾರಿಯ ಹುದ್ದೆ ಅದಕ್ಕಿಂತ ಚಿಕ್ಕದು.

"ಒಲೆಯ ಗಾಳಿ ಇರಬೇಕು, ಮಹಾಸ್ವಾಮಿ," ಎಂದ ಕಡೆಗೆ.

"ಈ ಒಲೆ ಗಾಳಿ ಹೀಗೇ," ಎಂದಳು ಓಟಿಲಿಯಕ್ಕ. "ನಂಗೂ ಎಷ್ಟೋ ಸಲ ಮೋಸ ಆಗಿದೆ."

ಹೀಗೆ ಹಕ್ಕು ಉಳಿಯಿತು. ಉಳಿಯದೆ ಹೋದದ್ದು ಮರಿಗೆ. ಪ್ರಭುಗಳನ್ನು ಎಬ್ಬಿಸಲು ಹೋದರೆ ಮರಿಗೆಯೂ ಜೊತೆಗೆ ಎದ್ದಿತು. ಎಳೆದೆವು, ಹೊರಳಿಸಿದೆವು, ಅಂಚಿಗೆ ಹಂದಿಯ ಕೊಬ್ಬು ಸವರಿದೆವು. ಕಡೆಗೆ ಯೋಸ್ಟ್ ಒಂದು ಪಕ್ಕ, ನಾನು ಇನ್ನೊಂದು ಪಕ್ಕ ಕಾಲು ಕೊಟ್ಟು ಎಳೆದಾಗ ಅದು ತಲೆಯಿಂದ ಬುಡದ ತನಕ ಸೀಳಿಹೋಯಿತು. ಪ್ರಭುಗಳು ಎರಡು ಹೋಳಿನ ನಡುವೆ ಹಿಟ್ಟಿನ ಧೂಳಿನಲ್ಲಿ ಕೂತಿದ್ದರು. ಓಟಿಲಿಯಕ್ಕ ಹೋಳುಗಳನ್ನು ಮುಟ್ಟಿ ನೋಡಿದಳು. ಅವಳ ಅಜ್ಜಿಯ ಅಜ್ಜಿ ನಾದಿದ ಮರಿಗೆ ಅದು.

"ಅಳಬೇಡಮ್ಮ," ಎಂದರು ಪ್ರಭುಗಳು ಧೂಳು ಕೊಡವುತ್ತ. ಒಳ್ಳೆಯ ಮನುಷ್ಯ, ಅದನ್ನು ಇಲ್ಲವೆನ್ನಲಾಗದು. "ಅರಮನೆ ಒಡೆದದ್ದನ್ನ ಅರಮನೆಯೇ ಕೊಡುತ್ತೆ. ಇಂಥದೇ ಮರಿಗೆ, ಇದೇ ಮರದ್ದು. ಎಲ್ಲರ ಎದುರಿಗೆ ಮಾತು ಕೊಡ್ತಿದೀನಿ."

ಅಡ್ಡಮರವನ್ನು ಅಂದೇ ತೆಗೆದರು. ನಾನು ಕೊಂಬು ಊದಲೇ ಇಲ್ಲ, ಹಂದಿಗಳೇ ನನ್ನನ್ನು ಎಳೆದುಕೊಂಡು ಹೋದವು. ಚಳಿಗಾಲದ ಹೊತ್ತಿಗೆ ಓಟಿಲಿಯಕ್ಕನ ಹಂದಿಯ ಬೆನ್ನು ಅಗಲವಾಗಿ, ಅದರ ಮೇಲೆ ಕಾಗೆ ಕೂತರೆ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ.

ಮರಿಗೆ ಮಾತ್ರ ಬರಲಿಲ್ಲ. ಓಟಿಲಿಯಕ್ಕ ಬೇರೆಯವರ ಹರಕು ಮರಿಗೆಯಲ್ಲಿ ನಾದುತ್ತ, ಪ್ರತಿ ಹಬ್ಬಕ್ಕೂ ಅರಮನೆಗೆ ಹೋಗಿ ಕೇಳುತ್ತಿದ್ದಳು. ಪ್ರಭುಗಳು ಪ್ರತಿ ಸಲವೂ ಮರೆತದ್ದಕ್ಕೆ ನೊಂದುಕೊಂಡು, ಕೂರಿಸಿ, ಸೇತುವೆಯ ಕತೆ ಹೇಳಿ ಕಳಿಸುತ್ತಿದ್ದರು. ಹೀಗೇ ಕೆಲವು ವರ್ಷ ಕಳೆದು ಅವರೂ ತೀರಿಕೊಂಡರು. ಮಲಗಿದಲ್ಲೇ ಹೋದರಂತೆ. ಸದ್ದು ನಿಂತದ್ದರಿಂದಲೇ ಆಳುಗಳಿಗೆ ತಿಳಿಯಿತಂತೆ. ಆದರೆ ಇದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ.

ಅವರ ತಮ್ಮನ ಮಗ, ಮೀಸೆ ಚಿಗುರದ ಹುಡುಗ, ಪಟ್ಟಕ್ಕೆ ಬಂದ. ಕುಲ್ಮ್ ಮತ್ತೆ ಕುದುರೆ ಏರಿ ಎಲ್ಸೆನ್ನಿಗೆ ಬಂದ.

"ಹೊಸ ಪ್ರಭುಗಳು ಮಲಗಬೇಕು," ಎಂದ. "ಅಲ್ಲಿ ತನಕ ಕಾಡು ಮುಚ್ಚಿದೆ."

"ಮಲಗಲಿ, ಸ್ವಾಮಿ," ಎಂದಳು ಓಟಿಲಿಯಕ್ಕ. "ಮರಿಗೆ ಎಲ್ಲಿ?"

"ನಿನ್ನ ಹತ್ತಿರ ಇಲ್ಲವಾ?"

"ಅರಮನೆ ಒಡೀತು. ಅರಮನೆ ಕೊಡ್ತೀನಿ ಅಂತು. ಕೊಟ್ಟಿಲ್ಲ. ಕೊಡಬೇಕಾದವರು ಕೊಡದೆ ನಮ್ಮ ಹಕ್ಕು ಮುಚ್ಚೋದು ಯಾವ ನ್ಯಾಯ? ಮರಿಗೆ ಬರೋ ತನಕ ಹಂದಿಗಳು ಹೋಗ್ತಿದ್ದ ಹಾಗೇ ಹೋಗಲಿ."

ಹಿಂದಿನ ಪ್ರಭುಗಳು ಮಾತು ಕೊಡುವಾಗ ಕುಲ್ಮನೇ ಎದುರಿಗಿದ್ದ. ಕುದುರೆ ತಿರುಗಿಸಿಕೊಂಡು ಹೋದ. ಅವನು ಮರೆಯಾದ ಮೇಲೆ ಓಟಿಲಿಯಕ್ಕ ಬಾಗಿಲ ಮೆಟ್ಟಿಲ ಮೇಲೆ ಕೂತುಕೊಂಡಳು.

"ಗಾಂಗೊಲ್ಫ, ನಾನೆಂಥ ಪೆದ್ದಿಯೋ," ಎಂದಳು. "ಇಷ್ಟು ವರ್ಷ ಆ ಮರಿಗೆ ಕೊಡಿ ಕೊಡಿ ಅಂತ ಅರಮನೆ ಮೆಟ್ಟಿಲು ಸವೆಸಿದ್ನಲ್ಲೋ. ಕೊಟ್ಟುಬಿಟ್ಟಿದ್ರೆ?"

ಆ ವರ್ಷದ ಕ್ರಿಸ್‌ಮಸ್ಸಿಗೆ ಅವಳು ಅರಮನೆಗೆ ಹೋಗಲಿಲ್ಲ.

ಆದರೆ ಕುಲ್ಮ್ ಬಿಡಬೇಕಲ್ಲ. ಮುಂದಿನ ಅಕ್ಟೋಬರಿನಲ್ಲಿ, ಕಾಯಿ ಉದುರಲು ಶುರುವಾದಾಗ, ಅರಮನೆಯ ಗಾಡಿ ಬಂತು. ಗಾಡಿಯಲ್ಲಿ ಮರಿಗೆ. ಒಂದೇ ದಿಮ್ಮಿಯ ಲಿಂಡೆನ್ ಮರದ್ದು, ಬಿಳಿ ಬಿಳಿ, ಗಂಟಿಲ್ಲ, ಬಿರುಕಿಲ್ಲ. ಓಟಿಲಿಯಕ್ಕ ಸುತ್ತ ಬಂದಳು, ಬೆರಳಿನಿಂದ ತಟ್ಟಿದಳು, ಮೂಸಿದಳು. ಕೊರತೆ ಹುಡುಕಿದಳು, ಸಿಗಲಿಲ್ಲ. ಗಾಡಿಯವನು ಅದನ್ನು ಅಂಗಳದಲ್ಲಿ ಇಳಿಸಿ ಹಣೆ ಒರೆಸಿಕೊಂಡ.

"ಚೆನ್ನಾಗಿದೆಯಾ, ತಾಯಿ?"

"ಬಹಳ ಚೆನ್ನಾಗಿದೆ," ಎಂದಳು ಓಟಿಲಿಯಕ್ಕ. "ಸೋರುತ್ತಾ ನೋಡೋಣ ಇರು." ಒಳಗೆ ಹೋಗಿ ಮಜ್ಜಿಗೆಯ ತಪ್ಪಲೆ ತಂದು ಅಷ್ಟನ್ನೂ ಮರಿಗೆಗೆ ಸುರಿದಳು. ಒಂದು ತೊಟ್ಟೂ ಸೋರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಏನೋ, ಕಾಡಿಗೆ ಹೊತ್ತಾಗಲಿಲ್ವಾ? ಊದೋ," ಎಂದಳು.

ನಾನು ಊದಿದೆ. ಎಲ್ಲ ಮನೆಗಳಿಂದಲೂ ಹಂದಿಗಳು ಅಂಗಳಕ್ಕೆ ನುಗ್ಗಿದವು. ಮಜ್ಜಿಗೆ ಕಂಡ ಮೇಲೆ ಅವಕ್ಕೆ ನನ್ನ ಕೊಂಬೂ ಬೇಡ, ಕಾಡೂ ಬೇಡ. ಮುಂಗಾಲು ಎತ್ತಿಟ್ಟು, ಕಿವಿಯ ತನಕ ಮೂತಿ ಅದ್ದಿ ಕುಡಿದವು. ಒಂದು ಮರಿ ಒಳಗೇ ಇಳಿದು ಹೊರಳಿತು.

ಓಟಿಲಿಯಕ್ಕ ಸೊಂಟಕ್ಕೆ ಕೈಕೊಟ್ಟು ಬಹಳ ಹೊತ್ತು ನೋಡಿದಳು.

"ಛೆ," ಎಂದಳು ಗಾಡಿಯವನಿಗೆ. "ನೀನೇ ನೋಡಿದೆಯಲ್ಲಪ್ಪ. ಹಂದಿ ಹೊರಳಿದ್ದರಲ್ಲಿ ಪ್ರಭುಗಳನ್ನ ಮಲಗಿಸೋಕಾಗುತ್ತಾ? ಅರಮನೇಲಿ ಹೇಳು, ಇನ್ನೊಂದು ಬೇಕು ಅಂತ. ಅವಸರವೇನಿಲ್ಲ ಅಂತಾನೂ ಹೇಳು."